ಅಯ್ಯನೋರ ಮನೆಗೆ ಹಿಡಿ ಅಕ್ಕಿ

ಹೋದ ತಿಂಗಳು ನಂಟರ ಮದುವೆಗೆಂದು ಮಂಡ್ಯಕ್ಕೆ ಹೋಗಿದ್ದೆ. ಬಸ್ಸಿನಿಂದ ಇಳಿಯುತ್ತಲೇ ಕಾಕಂಬಿಯ ವಾಸನೆ ಮೂಗಿಗೆ ಹೊಡೆಯಿತು. ಸಕ್ಕರೆ ಕಾರ್ಖಾನೆ ಕಬ್ಬು ಅರೆಯುವ ಕಾಲದಲ್ಲಿ ಊರಿಡೀ ಹಬ್ಬುವ, ಸಿಹಿಯೂ ಅಲ್ಲದ ಹುಳಿಯೂ ಅಲ್ಲದ ವಾಸನೆ ಅದು. ಜೊತೆಗಿದ್ದ ಸೊಸೆ ಸೆರಗನ್ನು ಮೂಗಿಗೆ ಹಿಡಿದಳು. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. ಆ ವಾಸನೆಯ ಜೊತೆಗೆ ಒಂದು ಇಡೀ ವರ್ಷ ಬಂದು ನನ್ನ ಮುಂದೆ ನಿಂತಿತ್ತು.

ಎಪ್ಪತ್ತರ ದಶಕದ ನಡುವಿನ ಮಾತು. ನಾವು ಆಗ ಮಂಡ್ಯದ ಗುತ್ತಲಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ನಮ್ಮ ಮನೆಯವರಿಗೆ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಮಗಳು ಲಲಿತಳಿಗೆ ಐದು ವರ್ಷ. ಅಕ್ಕಿಗೂ ಕ್ಯೂ, ಸೀಮೆಎಣ್ಣೆಗೂ ಕ್ಯೂ ಇದ್ದ ಕಾಲ. ಮನೆ ನಡೆಸುವುದೆಂದರೆ ಬೆಳಗಾದರೆ ಯಾವ ಸಾಲಿನಲ್ಲಿ ನಿಲ್ಲಬೇಕು ಎಂದು ಯೋಚಿಸುವುದೇ ಆಗಿತ್ತು.

ನಮ್ಮ ಕ್ರೈಸ್ತ ಸಭೆ ತೀರ ಚಿಕ್ಕದು. ಮಂಡ್ಯದಲ್ಲಿ ಇಪ್ಪತ್ತು ಮನೆ ದಾಟುತ್ತಿರಲಿಲ್ಲ. ಮದ್ದೂರಿನಲ್ಲಿ ನಾಲ್ಕು, ಮಳವಳ್ಳಿಯಲ್ಲಿ ಮೂರು, ಆಚೆ ಪೂರಿಗಾಲಿಯಲ್ಲಿ ಒಂಟಿ ಮುದುಕಿಯ ಒಂದು ಮನೆ. ಇಷ್ಟಕ್ಕೂ ಒಬ್ಬರೇ ಪಾಲಕರು, ಸತ್ಯಮಿತ್ರ ಅಯ್ಯನವರು. ತೆಳ್ಳಗಿನ ಆಳು, ಒಂದು ಕೊಡೆ, ಒಂದು ಹಳೆಯ ಸೈಕಲ್ಲು. ಮದ್ದೂರಿಗೆ ರೈಲು, ಮಳವಳ್ಳಿಗೆ ಬಸ್ಸು, ಅಲ್ಲಿಂದ ಪೂರಿಗಾಲಿಗೆ ಗಾಡಿ ಸಿಕ್ಕರೆ ಗಾಡಿ, ಇಲ್ಲದಿದ್ದರೆ ಕಾಲ್ನಡಿಗೆ. ಭಾನುವಾರದ ಅವರ ಪ್ರಸಂಗ ಅಷ್ಟೇನೂ ಚೆನ್ನಾಗಿರುತ್ತಿರಲಿಲ್ಲ ಎಂದು ಹೇಳಿದರೆ ತಪ್ಪಾಗಲಾರದು. ಹೇಳಿದ್ದನ್ನೇ ಹೇಳುತ್ತಿದ್ದರು. ಎರಡನೆಯ ಬೆಂಚಿನಲ್ಲಿ ರಾಹೇಲಮ್ಮ ಕಣ್ಣು ಮುಚ್ಚಿ ಕೂತರೆ ಅದು ಪ್ರಾರ್ಥನೆಯೋ ನಿದ್ದೆಯೋ ದೇವರಿಗೇ ಗೊತ್ತಾಗಬೇಕು. ಆದರೆ ಯಾರ ಮನೆಯಲ್ಲಿ ಜ್ವರ, ಯಾರ ಮನೆಯಲ್ಲಿ ಹೆರಿಗೆ ಎಂದು ತಿಳಿದ ಗಳಿಗೆಗೆ ಆ ಸೈಕಲ್ಲು ಬಾಗಿಲಲ್ಲಿ ಇರುತ್ತಿತ್ತು.

ರಾಹೇಲಮ್ಮ ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡುತ್ತಿದ್ದ ವಿಧವೆ. ಸಭೆಯ ಹೆಂಗಸರಿಗೆಲ್ಲ ಅವರೇ ದೊಡ್ಡವರು. ಬಾಯಿ ಜೋರು.

ನಾಲೆಗೆ ನೀರು ಬಿಟ್ಟ ದಿನಗಳಲ್ಲಿ ಸಭೆಯ ಮೇಲಿನವರಿಂದ ಒಂದು ಕಾಗದ ಬಂತು. ಆರಾಧನೆ ಮುಗಿದ ಮೇಲೆ ಅಯ್ಯನವರೇ ಅದನ್ನು ಓದಿದರು. ಇನ್ನು ಮುಂದೆ ಹೊರಗಿನಿಂದ ಬರುವ ನೆರವು ಕಡಿಮೆಯಾಗುತ್ತದೆ, ಪಾಲಕರ ಮನೆಯ ಊಟದ ಹೊಣೆಯನ್ನು ಸಭೆಯೇ ಹೊರಬೇಕು, ಸುಗ್ಗಿಯ ನಂತರ ಬೆಳೆ ಹಬ್ಬದ ಹೊತ್ತಿಗೆ ಬಂದು ನೋಡುತ್ತೇವೆ, ಆಗದಿದ್ದರೆ ಅವರನ್ನು ಬೇರೆ ಊರಿಗೆ ಕಳಿಸಿ ಈ ಸಭೆಯನ್ನು ಮೈಸೂರಿನ ಕಡೆಗೆ ಸೇರಿಸುತ್ತೇವೆ, ತಿಂಗಳಿಗೊಮ್ಮೆ ಯಾರಾದರೂ ಬಂದು ಆರಾಧನೆ ನಡೆಸುತ್ತಾರೆ. ತಮ್ಮ ವಿಷಯವನ್ನೇ ಬೇರೆ ಯಾರದೋ ವಿಷಯವೆಂಬಂತೆ ಓದಿ, ಕಾಗದ ಮಡಿಸಿ, ಅಯ್ಯನವರು ಕೂತುಬಿಟ್ಟರು.

ಗಂಡಸರು ತಲೆ ಕೆರೆದುಕೊಂಡರು. ‘ಏನ್ ಮಾಡಾಕಾಯ್ತದೆ, ನಮ್ಮನೆಗೇ ಸಾಲ್ದು’ ಎಂದರು ಒಬ್ಬರು.

ರಾಹೇಲಮ್ಮ ಎದ್ದು ನಿಂತರು. ‘ನಮ್ಮೆಜಮಾನ್ರು ಸತ್ತಾಗ ಈ ಊರಲ್ಲಿ ಅಯ್ಯನೋರು ಇರ್ನಿಲ್ಲ. ಮೈಸೂರಿಂದ ಬರೋಗಂಟ ಒಂದೂವರೆ ದಿನ ಎಣ ಇಟ್ಕೊಂಡು ಕೂತಿದ್ದೋಳು ನಾನು. ನೀವ್ಯಾರೂ ಕೂತಿರ್ನಿಲ್ಲ. ಇನ್ನೊಂದ್ ಎಣ ಅಂಗ್ ಕಾಯೋದು ಬ್ಯಾಡ. ಅಯ್ಯನೋರ ಮನೆ ಒಲೆ ನಾವು ಎಂಗಸ್ರು ನೋಡ್ಕೋತೀವಿ, ನೀವು ಸುಮ್ಕಿರಿ.’

ಹಾಗೆ ಶುರುವಾಯಿತು ಹಿಡಿ ಅಕ್ಕಿ. ಹೊಸದೇನಲ್ಲ, ನಮ್ಮ ಅಜ್ಜಿಯರು ಮಾಡುತ್ತಿದ್ದದ್ದು, ನಾವು ಬಿಟ್ಟದ್ದು. ಅನ್ನಕ್ಕೆ ಅಕ್ಕಿ ತೊಳೆಯುವ ಮೊದಲು ಒಂದು ಹಿಡಿ ತೆಗೆದು, ಅಯ್ಯನವರ ಮನೆಯನ್ನು ನೆನೆದು ಒಂದು ಮಾತು ಪ್ರಾರ್ಥನೆ ಮಾಡಿ, ಬೇರೆ ಗಡಿಗೆಗೆ ಹಾಕುವುದು. ಶನಿವಾರ ಒಬ್ಬರು ಮನೆಮನೆಗೆ ಹೋಗಿ ಒಟ್ಟು ಮಾಡಿ ಅಯ್ಯನವರ ಮನೆಗೆ ಮುಟ್ಟಿಸುವುದು.

ಯಾರೋ ಮೆಲ್ಲಗೆ ಕೇಳಿದರು, ‘ರಾಗಿ ಕೊಡಬೌದಾ?’

‘ಅಯ್ಯನೋರ್ಗೆ ರಾಗಿ ಕೊಡಾದಾ? ನಾಚ್ಕೆ ಆಗಾಕಿಲ್ವಾ?’ ಎಂದರು ರಾಹೇಲಮ್ಮ. ನಾವೆಲ್ಲ ಮನೆಯಲ್ಲಿ ಮುದ್ದೆ ಉಣ್ಣುವವರೇ. ಆದರೂ ಎಲ್ಲರಿಗೂ ಅದೇ ಸರಿ ಎನಿಸಿತು.

ಶನಿವಾರ ತಿರುಗುವವರು ಯಾರು ಎಂಬ ಮಾತು ಬಂದಾಗ ಎಲ್ಲರ ಕಣ್ಣೂ ನನ್ನ ಮೇಲೆ. ‘ಸುಗುಣ ಮನೇಲೇ ಇರ್ತಾಳಲ್ಲ’ ಎಂದರು. ಮನೆಯಲ್ಲಿರುವವಳಿಗೆ ಕೆಲಸವಿಲ್ಲ ಎಂಬ ಲೆಕ್ಕ ಆಗಲೂ ಇತ್ತು, ಈಗಲೂ ಇದೆ. ನಾನು ಹೂಂ ಎಂದೆ. ಭಕ್ತಿಯಿಂದ ಎಂದರೆ ಪೂರ್ತಿ ನಿಜವಾಗದು. ಇಲ್ಲ ಎನ್ನಲು ಬರಲಿಲ್ಲ.

ಆ ಮಳೆಗಾಲದ ಶನಿವಾರಗಳು ಒಂದರ ಮೇಲೊಂದು ಅಂಟಿಕೊಂಡಂತೆ ನೆನಪಿವೆ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಬಟ್ಟೆಯ ಚೀಲ ಹಿಡಿದು ಹೊರಡುತ್ತಿದ್ದೆ. ಗುತ್ತಲಿನ ಕೆಸರು, ರೈಲ್ವೆ ಕ್ವಾರ್ಟರ್ಸು, ಆಸ್ಪತ್ರೆಯ ಹಿಂದಿನ ಸಾಲುಮನೆಗಳು. ತಿಂಗಳಿಗೊಮ್ಮೆ ಮದ್ದೂರು. ಒಂದು ಮನೆಯಲ್ಲಿ ಗಡಿಗೆ ತುಂಬಿರುತ್ತಿತ್ತು, ಇನ್ನೊಂದರಲ್ಲಿ ‘ಈ ವಾರ ಮರ್ತೇಬುಟ್ಟೆ ಕಣಕ್ಕ’ ಎಂದು ನನ್ನೆದುರಿಗೇ ಡಬ್ಬಕ್ಕೆ ಕೈಹಾಕಿ ಎರಡು ಹಿಡಿ ಸುರಿಯುತ್ತಿದ್ದರು. ಎಲ್ಲವೂ ಒಂದೇ ಚೀಲಕ್ಕೆ. ಮಳೆಯಲ್ಲಿ ಕೊಡೆಯನ್ನು ಚೀಲಕ್ಕೆ ಹಿಡಿದು ನಾನು ನೆನೆಯುತ್ತಿದ್ದೆ.

ಪಕ್ಕದ ಮನೆಯ ನಿಂಗಮ್ಮ ಗೌಡರ ಹೆಂಗಸು. ಮಗುವನ್ನು ನೋಡಿಕೊಳ್ಳುತ್ತಿದ್ದವರು ಅವರೇ, ಆದರೆ ಪುಕ್ಕಟೆಯಾಗಿ ಅಲ್ಲ, ಒಂದು ಮಾತು ಕುಟುಕಿಯೇ. ‘ಏನ್ ಸುಗುಣಮ್ಮ, ಭಿಕ್ಸಕ್ಕೆ ಒಂಟ್ಯಾ? ನಮ್ ಗುಡಿ ಪೂಜಾರಪ್ಪ ತಾನೇ ಬಂದು ಇಸ್ಕೊಂಡೋಯ್ತಾನೆ. ನಿಮ್ಮೋರ್ಗೆ ಒತ್ಕೊಂಡೋಗಿ ಬಾಗ್ಲಿಗೇ ಕೊಡ್ಬೇಕಾ? ಬೋ ದೊಡ್ಡೋರು ಬುಡವ್ವ!’

‘ಅವರಾಗಿ ಕೇಳೋರಲ್ಲ ನಿಂಗಮ್ಮ, ಅದಕ್ಕೇ’ ಎನ್ನುತ್ತಿದ್ದೆ.

‘ಕೇಳ್ದಿದ್ರೆ ಒಟ್ಟೆ ತುಂಬ್ತದಾ? ಓಗು, ಮಳೆ ಬತ್ತದೆ.’

ಅಯ್ಯನವರ ಹೆಂಡತಿ ಕರುಣಮ್ಮನವರು ಚೀಲವನ್ನು ಎರಡೂ ಕೈಯಲ್ಲಿ ಇಸಿದುಕೊಳ್ಳುತ್ತಿದ್ದರು. ‘ದೇವರಿಗೆ ಸ್ತೋತ್ರ ಕಣಮ್ಮ’ ಎಂದು, ಅಕ್ಕಿಯನ್ನು ದೊಡ್ಡ ತಗಡಿನ ಡಬ್ಬಕ್ಕೆ ಸುರಿದು, ಬೆಲ್ಲದ ಕಾಫಿ ಕೊಟ್ಟು ಕಳಿಸುತ್ತಿದ್ದರು. ಅಡುಗೆಮನೆಯೊಳಗೆ ಯಾರನ್ನೂ ಕರೆಯುತ್ತಿರಲಿಲ್ಲ.

ಈಗ ನನ್ನ ವಿಷಯ ಹೇಳಬೇಕು. ಯಲಿಯೂರಿನಲ್ಲಿ ನಮ್ಮ ಅತ್ತೆಯವರಿಗೆ ತುಸು ಗದ್ದೆ ಇತ್ತು. ವರ್ಷಕ್ಕೊಂದು ಮೂಟೆ ಸಣ್ಣಕ್ಕಿ ಬರುತ್ತಿತ್ತು. ಸಾಲದ್ದಕ್ಕೆ ಸೊಸೈಟಿಯಿಂದ ದಪ್ಪಕ್ಕಿ ತರುತ್ತಿದ್ದೆ. ಗೋಣಿಯ ವಾಸನೆ, ನುಚ್ಚು, ಕಲ್ಲು, ಎಷ್ಟು ತೊಳೆದರೂ ಹೋಗದ ಹಳದಿ ಬಣ್ಣ. ಮೊದಮೊದಲು ಹಿಡಿ ಅಕ್ಕಿಯನ್ನು ಸಣ್ಣಕ್ಕಿಯಿಂದಲೇ ತೆಗೆದಿಡುತ್ತಿದ್ದೆ. ಆಷಾಢದಲ್ಲಿ ಲಲಿತ ವಿಷಮಶೀತ ಜ್ವರದಲ್ಲಿ ಮಲಗಿದಳು. ಮೂರು ವಾರ. ಅಯ್ಯನವರು ದಿನಾ ಬಂದು ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಹೋಗುತ್ತಿದ್ದರು, ಕೆಲವೊಮ್ಮೆ ಮಳವಳ್ಳಿಯಿಂದ ಬಂದವರು ಮನೆಗೂ ಹೋಗದೆ ನೇರ ನಮ್ಮಲ್ಲಿಗೆ. ಸಣ್ಣಕ್ಕಿ ಮಗುವಿನ ಗಂಜಿಗೆ ಇರಲಿ ಎಂದು ನಾನು ಹಿಡಿಯನ್ನು ಸೊಸೈಟಿ ಅಕ್ಕಿಯಿಂದ ತೆಗೆಯತೊಡಗಿದೆ. ಮಗು ಎದ್ದಳು, ಓಡಾಡಿದಳು. ನನ್ನ ಕೈ ಮಾತ್ರ ಸೊಸೈಟಿ ಡಬ್ಬಕ್ಕೇ ಹೋಗುತ್ತಿತ್ತು. ತಿಂಗಳುಗಟ್ಟಲೆ. ಪ್ರಾರ್ಥನೆಯನ್ನೇನೂ ಬಿಟ್ಟಿರಲಿಲ್ಲ, ಅದನ್ನು ಮಾಡಿಯೇ ಹಾಕುತ್ತಿದ್ದೆ.

ಮಳೆಗಾಲದ ಕೊನೆಗೆ ಒಂದು ಭಾನುವಾರ ಅಯ್ಯನವರು ಪ್ರಾರ್ಥನೆಯ ನಡುವೆ ನಿಲ್ಲಿಸಿ ಮೇಜನ್ನು ಹಿಡಿದುಕೊಂಡರು. ಮುಖ ಬಿಳಿಚಿತ್ತು. ಹೊಟ್ಟೆನೋವು. ಮರುದಿನ ರಾಹೇಲಮ್ಮ ಅವರನ್ನು ಎಳೆದುಕೊಂಡೇ ಹೋಗಿ ಡಾಕ್ಟರಿಗೆ ತೋರಿಸಿದರು. ಹೊಟ್ಟೆಯಲ್ಲಿ ಹುಣ್ಣು, ಗಟ್ಟಿ ಅನ್ನ ಕೂಡದು, ಮೆತ್ತಗೆ ಬೆಂದದ್ದನ್ನೇ ಹೊತ್ತು ಹೊತ್ತಿಗೆ ಹಾಕಿ ಎಂದರಂತೆ.

‘ವಾರ ವಾರ ಅಕ್ಕಿ ಓಯ್ತಾನೇ ಅದಲ್ಲ, ಬೇಯ್ಸಿ ಆಕಾಕೇನು ಕರುಣಮ್ಮಂಗೆ?’ ಎಂದು ರಾಹೇಲಮ್ಮ ನನ್ನ ಹತ್ತಿರ ಗೊಣಗಿದರು. ನನಗೂ ಹಾಗೇ ಅನ್ನಿಸಿತು. ಅಯ್ಯನವರು ಹೀಗೆ ಮಲಗಿದರೆ ಬೆಳೆ ಹಬ್ಬಕ್ಕೆ ಬರುವವರು ನೋಡಿ ಏನನ್ನುತ್ತಾರೆ? ಅವರನ್ನು ಸಾಕಲಾರದವರು ನಾವು ಎಂದು ಬರೆದುಕೊಂಡು ಹೋಗುತ್ತಾರೆ, ಅಷ್ಟೇ.

ಆ ಗುರುವಾರ ಒಂದು ಚೊಂಬು ಮಜ್ಜಿಗೆ ತೆಗೆದುಕೊಂಡು ಹೋದೆ. ಶನಿವಾರವಲ್ಲವಾದ್ದರಿಂದ ನನ್ನನ್ನು ಯಾರೂ ನಿರೀಕ್ಷಿಸಿರಲಿಲ್ಲ. ಹಿಂದಿನ ಬಾಗಿಲು ತೆಗೆದಿತ್ತು. ಕರುಣಮ್ಮನವರು ಬೆಳಕಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತು, ಮೊರದಲ್ಲಿ ನಾನು ತಂದುಕೊಟ್ಟ ಅಕ್ಕಿಯನ್ನು ಹರವಿಕೊಂಡು, ಒಂದೊಂದೇ ಕಾಳು ಆರಿಸುತ್ತಿದ್ದರು. ಕಲ್ಲು ಆರಿಸುತ್ತಿದ್ದಾರೆ ಎಂದುಕೊಂಡೆ. ಅಲ್ಲ. ಪಕ್ಕದಲ್ಲಿ ಮೂರು ತಟ್ಟೆಗಳಿದ್ದವು. ಒಂದರಲ್ಲಿ ಸಣ್ಣಕ್ಕಿ, ಒಂದರಲ್ಲಿ ಮಧ್ಯಮದ್ದು, ಒಂದರಲ್ಲಿ ದಪ್ಪಕ್ಕಿ.

‘ಏನಮ್ಮ ಇದು?’ ಎಂದೆ.

ಅವರು ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ಮೊರವನ್ನು ಸೆರಗಿನಿಂದ ಮುಚ್ಚಲು ಹೋದರು. ಆಮೇಲೆ ನಕ್ಕರು. ‘ಏನಿಲ್ಲ ಬುಡಿ ಸುಗುಣಮ್ಮ. ಎಲ್ಲಾ ಒಂದೇ ಪಾತ್ರೇಲಿ ಆಕುದ್ರೆ, ಸಣ್ಣದು ಕರಗೋಯ್ತದೆ, ದಪ್ಪದು ಅಂಗೇ ನಿಂತ್ಕೋತದೆ. ಇವ್ರು ತಿಂದ್ರೆ ಒಟ್ಟೆ ಇಡ್ಕೋತಾರೆ. ಅದ್ಕೇ ಬ್ಯಾರೆ ಬ್ಯಾರೆ ಮಾಡ್ತೀನಿ. ಮೊದ್ಲು ಜಾಸ್ತಿ ಒತ್ತು ಆಯ್ತಿತ್ತು, ಈಗ ಕೈ ಪಳಗದೆ. ಕಣ್ಣೇ ಸ್ವಲ್ಪ ಸೋತದೆ.’

ನಾವು ಇಪ್ಪತ್ತು ಹೆಂಗಸರು. ಒಬ್ಬೊಬ್ಬರೂ ದಿನಾ ಅನ್ನ ಮಾಡುವವರು. ಎರಡು ಥರದ ಅಕ್ಕಿ ಬೆರೆಸಿ ನಮ್ಮ ಮನೆಯಲ್ಲಿ ಯಾರೂ ಒಲೆಯ ಮೇಲೆ ಇಡುವುದಿಲ್ಲ. ಕೊಡುವಾಗ ಮಾತ್ರ ಒಬ್ಬರಿಗೂ ಅದು ತಲೆಗೆ ಹೊಳೆದಿರಲಿಲ್ಲ.

‘ನೀವು ಯಾವುದು ಉಣ್ತೀರಿ?’ ಎಂದು ಕೇಳಿದೆ, ಗೊತ್ತಿದ್ದೂ.

ಅವರು ದಪ್ಪಕ್ಕಿಯ ತಟ್ಟೆ ತೋರಿಸಿದರು. ಹಳದಿ ಬಣ್ಣ, ಗೋಣಿ ವಾಸನೆ. ‘ಇದು ಕೊಡೋ ಮನೆ ಯಾವ್ದೋ ಕಾಣೆ. ಪಾಪ, ಅವರ ಮನೇಲಿ ಇದೇ ಇರೋದು ಅಂತ ಕಾಣ್ತದೆ. ಇಂತಾದ್ರಲ್ಲೂ ಒಂದು ಇಡಿ ತೆಗ್ದಿಡ್ತಾರಲ್ಲಾ ಅನ್ನುಸ್ತದೆ. ಇದುನ್ನ ಆರ್ಸೋವಾಗ ಆ ಮನೆಗೇ ಅಂತ ಪ್ರಾರ್ಥನೆ ಮಾಡ್ತೀನಿ. ಅವರ ಕಷ್ಟ ತೀರ್ಲಿ ಸ್ವಾಮಿ ಅಂತ.’

ನಾನು ಮಜ್ಜಿಗೆಯ ಚೊಂಬನ್ನು ಅಲ್ಲೇ ಇಟ್ಟು ಹೊರಟುಬಂದೆ.

ಎರಡು ದಿನ ಮನೆಯ ಕೆಲಸ ಕೈಯಲ್ಲಿ ನಿಲ್ಲಲಿಲ್ಲ. ಶನಿವಾರ ಚೀಲ ತುಂಬಿಸಿ ತಂದು ಜಗಲಿಯ ಮೇಲೆ ಕುಸಿದು ಕೂತಾಗ ನಿಂಗಮ್ಮ ಮಗುವನ್ನು ಬಿಡಲು ಬಂದವರು ಚೀಲದೊಳಕ್ಕೆ ಕೈಹಾಕಿ ಒಂದು ಹಿಡಿ ಎತ್ತಿ ನೋಡಿದರು.

‘ಅಯ್ಯೋ ನಿನ್ ಮನೆ ಕಾಯ್ವೋಗ! ಇದು ಒಂದೊಂದ್ ಕಾಳು ಒಂದೊಂದ್ ಊರ್ದು ಕಣಮ್ಮ. ಇದು ಬೇಯ್ತದಾ?’

‘ಬೇಯೋಲ್ಲ ನಿಂಗಮ್ಮ.’

‘ಮತ್ಯಾಕೆ ಒತ್ಕೊಂಡು ತಿರುಗ್ತೀಯ? ರಾಗಿ ಕೊಡ್ರವ್ವ. ರಾಗಿ ಯಾರ ಮನೇದಾದ್ರೇನು, ಬೀಸಿದ್ಮೇಲೆ ಎಲ್ಲಾ ಒಂದೇ ಇಟ್ಟು. ಒಟ್ಟೆಗೂ ತಂಪು. ಇಷ್ಟು ವರ್ಸ ಒಲೆ ಮುಂದೆ ಕೂತೋಳ್ಗೆ ನಾನು ಯೋಳ್ಕೊಡ್ಬೇಕಾ?’

ಅದೇ ಚೀಲದೊಂದಿಗೆ ಕರುಣಮ್ಮನವರ ಮನೆಗೆ ಹೋಗಿ, ಹಿಂದಿನ ಬಾಗಿಲಲ್ಲೇ ನಿಂತು ಹೇಳಿದೆ. ‘ಆ ದಪ್ಪಕ್ಕಿ ನನ್ನದು. ನಮ್ಮ ಮನೆಯಲ್ಲಿ ಸಣ್ಣಕ್ಕಿ ಇತ್ತು. ಈಗಲೂ ಇದೆ.’

ಅವರು ನನ್ನ ಕೈಯಿಂದ ಚೀಲ ಇಸಿದುಕೊಂಡರು. ಬೈದಿದ್ದರೆ ಹಗುರವಾಗುತ್ತಿತ್ತು. ‘ಅಂಗಾದ್ರೆ ಮಾಡಿದ್ ಪ್ರಾರ್ಥನೆ ಎಲ್ಲಾ ನಿಮ್ಮನೆಗೇ ಸೇರ್ತಲ್ಲ ಬುಡಿ. ವ್ಯರ್ಥವೇನೂ ಆಗ್ನಿಲ್ಲ’ ಎಂದರು. ಆಮೇಲೆ, ‘ಒಳೀಕ್ ಬನ್ನಿ, ನೀವೂ ಒಂದ್ ಮೊರ ಇಡ್ಕೊಳ್ಳಿ’ ಎಂದರು. ಅಂದು ಮೊದಲ ಸಲ ಆ ಅಡುಗೆಮನೆಯೊಳಗೆ ಕೂತೆ. ಕತ್ತಲಾಗುವ ತನಕ ಇಬ್ಬರೂ ಆರಿಸಿದೆವು. ನನ್ನ ಕುತ್ತಿಗೆ ಬಿದ್ದುಹೋಯಿತು. ಇದನ್ನು ಅವರು ನಾಲ್ಕು ತಿಂಗಳು ಮಾಡಿದ್ದರು.

ಹೆಂಗಸರ ಕೂಟದಲ್ಲಿ ಹೇಳುವುದು ಇನ್ನೂ ಕಷ್ಟವಾಯಿತು. ಕರುಣಮ್ಮನವರು ಬೇಡವೇ ಬೇಡ ಎಂದಿದ್ದರು. ಆದರೆ ಹೇಳದೆ ಅಯ್ಯನವರ ಹೊಟ್ಟೆ ವಾಸಿಯಾಗುವ ದಾರಿ ನನಗೆ ಕಾಣಲಿಲ್ಲ. ಅಕ್ಕಿ ಬೆರೆತು ಬೇಯುತ್ತಿಲ್ಲ, ಇನ್ನು ರಾಗಿ ಕೊಡೋಣ ಎಂದೆ ಅಷ್ಟೇ, ರಾಹೇಲಮ್ಮ ಎಗರಿಬಿದ್ದರು.

‘ಏನ್ ಸುಗುಣ, ನಾವ್ ಕೊಟ್ಟ ಅಕ್ಕಿಗೇ ಕೊಂಕು ತೆಗೀತೀಯಾ? ಚೀಲ ಒರೋಕೆ ಬ್ಯಾಸ್ರ ಆದ್ರೆ ಅದುನ್ನೇಳು!’

ಬೇಸರ ಆಗಿದ್ದೂ ನಿಜವೇ. ಅದನ್ನೂ ಒಪ್ಪಿಕೊಂಡೆ. ಆಮೇಲೆ ಯಲಿಯೂರಿನ ಮೂಟೆ, ಸೊಸೈಟಿಯ ಡಬ್ಬ, ಕರುಣಮ್ಮನವರ ಮೂರು ತಟ್ಟೆ, ಎಲ್ಲವನ್ನೂ ಇದ್ದದ್ದು ಇದ್ದಹಾಗೆ ಹೇಳಿದೆ. ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ. ಚಾಪೆಯ ಅಂಚನ್ನು ನೋಡಿಕೊಂಡು ಹೇಳಿದೆ.

ಮೂಲೆಯಿಂದ ರೈಲ್ವೆ ಕ್ವಾರ್ಟರ್ಸಿನ ಒಬ್ಬಳು, ‘ನಾನೂ ನುಚ್ಚೇ ಆಕ್ತಿದ್ದೆ ಕಣಕ್ಕ’ ಎಂದಳು. ಇನ್ನೊಬ್ಬಳು, ‘ಹುಳ ಬಿದ್ದಿದ್ದು ಒಂದು ವಾರ...’ ಎಂದು ಅರ್ಧಕ್ಕೇ ನಿಲ್ಲಿಸಿದಳು. ಎಲ್ಲರೂ ರಾಹೇಲಮ್ಮನ ಕಡೆ ನೋಡಿದೆವು. ಅವರು ಸೆರಗಿನಿಂದ ಮೂಗು ಒರೆಸಿಕೊಂಡು, ‘ನನ್ನ್ಯಾಕ್ ನೋಡ್ತೀರಿ? ನಂದು ಒಳ್ಳೇದೇ. ಆದ್ರೆ ಎಷ್ಟೋ ವಾರ ಇಡೀನೇ ತೆಗ್ದಿಡ್ನಿಲ್ಲ, ಶನಿವಾರ ಸುಗುಣನ ಚೀಲ ಬಾಗ್ಲಲ್ಲಿ ಕಂಡಾಗ ಒಂದ್ಸೇರು ಸುರುದ್ಬುಡ್ತಿದ್ದೆ’ ಎಂದರು. ‘ಪ್ರಾರ್ಥನೆ ಬ್ಯಾರೆ ಯಾರಾದ್ರೂ ಮಾಡ್ತಾವ್ರೆ ಅಂದ್ಕೊಂಡಿದ್ದೆ.’

ನಗುವುದೋ ಅಳುವುದೋ ತಿಳಿಯದೆ ಕೂತೆವು. ಒಬ್ಬಳು ನಕ್ಕಳು, ಆಮೇಲೆ ಎಲ್ಲರೂ. ಇನ್ನು ಮುಂದೆ ಅಕ್ಕಿಯ ಬದಲು ರಾಗಿಯೇ ಎಂದು ಅಲ್ಲೇ ಗೊತ್ತುಮಾಡಿದೆವು.

ರಾಗಿ ಕೊಯ್ಲಿನ ಕಾಲ ಬಂತು. ಪೂರಿಗಾಲಿಯ ಮುದುಕಿ ಮೊದಲೊಮ್ಮೆ ರಾಗಿ ಕಳಿಸಿದಾಗ ಬೇಡವೆಂದು ನಾನೇ ಹಿಂದಿರುಗಿಸಿದ್ದೆ. ಈಗ ನಾನೇ ಮಳವಳ್ಳಿಯ ಬಸ್ಸಿನಲ್ಲಿ ಹೋಗಿ ಕೇಳಿ ತಂದೆ. ಆಕೆ ನಾಲ್ಕು ಸೇರು ಅಳೆದು ಮೇಲೊಂದು ಬೊಗಸೆ ಹಾಕಿದಳು. ಕರುಣಮ್ಮನವರು ಮುದ್ದೆ ಮಾಡಿ ಸೊಪ್ಪಿನ ಸಾರಿನ ಜೊತೆ ಇಟ್ಟ ದಿನ ಅಯ್ಯನವರು ತಟ್ಟೆಯ ಮುಂದೆ ಕಣ್ಣು ಮುಚ್ಚಿದವರು ಬೇಗ ತೆರೆಯಲಿಲ್ಲವಂತೆ. ಅವರು ಮಳವಳ್ಳಿ ಕಡೆಯ ಹಳ್ಳಿಯಲ್ಲಿ ಮುದ್ದೆ ಉಂಡೇ ಬೆಳೆದವರು. ನಾವು ಯಾರೂ ಕೇಳಿರಲಿಲ್ಲ. ಮುಂದಿನ ಭಾನುವಾರ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, ‘ಆರು ತಿಂಗಳಿಂದ ಮುದ್ದೆಗಾಗಿ ಪ್ರಾರ್ಥನೆ ಮಾಡೋಣ ಅನ್ನಿಸುತ್ತಿತ್ತಮ್ಮ. ಜನ ಅನ್ನ ಕೊಡುವಾಗ ಅದನ್ನು ಕೇಳೋಕೆ ನಾಚಿಕೆಯಾಗುತ್ತಿತ್ತು’ ಎಂದರು. ಹೊಟ್ಟೆ ಒಂದೇ ಸಲಕ್ಕೆ ವಾಸಿಯಾಗಲಿಲ್ಲ. ಆದರೆ ಮೇಜು ಹಿಡಿಯದೆ ಪ್ರಾರ್ಥನೆ ಮುಗಿಸುವಷ್ಟಾದರು.

ಬೆಳೆ ಹಬ್ಬಕ್ಕೆ ಮೇಲಿನವರು ಒಬ್ಬರು ಬಂದರು. ದೇವಾಲಯದ ಮುಂದೆ ಕಬ್ಬಿನ ಜಲ್ಲೆ, ಕುಂಬಳಕಾಯಿ, ತೆಂಗಿನಕಾಯಿ, ಬದಿಯಲ್ಲಿ ಮೂರು ಮೂಟೆ ರಾಗಿ. ಅವರು ಅಯ್ಯನವರ ಮನೆಯ ಅಡುಗೆಮನೆಗೂ ಹೋಗಿ ಬಂದರು. ಎಲ್ಲ ನೋಡಿ, ‘ಚೆನ್ನಾಗಿದೆ. ಆದರೆ ಇದೆಲ್ಲ ಎಷ್ಟು ದಿನ?’ ಎಂದು ಕೇಳಿದರು.

‘ನಮ್ಗೆ ಕೈ ಇರೋಗಂಟ’ ಎಂದರು ರಾಹೇಲಮ್ಮ.

ಅವರು ಮುಗುಳ್ನಕ್ಕು ರೈಲು ಹತ್ತಿದರು. ಒಂದೂವರೆ ತಿಂಗಳು ಉತ್ತರವಿಲ್ಲ. ಆ ದಿನಗಳಲ್ಲೂ ಶನಿವಾರಗಳು ಬರುತ್ತಲೇ ಇದ್ದವು, ನಾನು ತಿರುಗುತ್ತಲೇ ಇದ್ದೆ. ಬಿಸಿಲು ಏರಿತ್ತು. ರಾಗಿ ಅಕ್ಕಿಯಷ್ಟೇ ಭಾರ.

ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲದ ಒಂದು ಭಾನುವಾರ ಅಯ್ಯನವರು ಕಾಗದ ತೆರೆದರು. ಸಭೆ ತೋರಿಸಿದ ಜಾಗ್ರತೆಯನ್ನು ಮೆಚ್ಚಿದ್ದೇವೆ, ಪಾಲಕರು ಇನ್ನೊಂದು ವರ್ಷ ಅಲ್ಲೇ ಇರಲಿ, ಮುಂದಿನ ಬೆಳೆ ಹಬ್ಬಕ್ಕೆ ಮತ್ತೆ ನೋಡೋಣ ಎಂದಿತ್ತು. ಕರುಣಮ್ಮನವರು ಮುಖ ಮುಚ್ಚಿಕೊಂಡು ಅತ್ತರು. ಗಂಡಸರು ಒಬ್ಬರ ಕೈ ಒಬ್ಬರು ಕುಲುಕಿದರು.

ನಾನೂ ಸ್ತೋತ್ರ ಎಂದೆ. ಆದರೆ ಮನಸ್ಸಿಗೆ ಮೊದಲು ಬಂದದ್ದು ಸಂತೋಷವಲ್ಲ. ಇನ್ನೊಂದು ವರ್ಷ. ಇನ್ನೊಂದು ಮಳೆಗಾಲ, ಇನ್ನೆಷ್ಟೋ ಶನಿವಾರ. ಎಲ್ಲರೂ ಹೊರಗೆ ನಿಂತು ಮಾತಾಡುತ್ತಿದ್ದರೆ ನಾನು ಮೆಟ್ಟಿಲ ಮೇಲೆ ಕೂತು ಕಾಲು ಒತ್ತಿಕೊಳ್ಳುತ್ತಿದ್ದೆ. ರಾಹೇಲಮ್ಮ ಬಂದು ಪಕ್ಕದಲ್ಲಿ ಕೂತರು. ನನ್ನ ಕಾಲನ್ನೂ ಮುಖವನ್ನೂ ನೋಡಿದರು. ಸಾಂತ್ವನದ ಮಾತು ಅವರ ಬಾಯಲ್ಲಿ ಬರುವುದಿಲ್ಲ, ಅಂದೂ ಬರಲಿಲ್ಲ.

‘ಮುಂದ್ಲ ಶನಿವಾರ ನಂಗೆ ಡ್ಯೂಟಿ ಇಲ್ಲ’ ಎಂದರು. ‘ಚೀಲ ನಂಗೆ ಕೊಡು. ನೀನು ಮನೇಲ್ ಮನೀಕೋ.’